ಪಟ್ಟಿಯಲ್ಲಿ ಹೆಸರಿದೆ, ಕೆಲಸಕ್ಕೆ ಕೂತರೆ ಇಲ್ಲ: ಆಪರೇಟಿಂಗ್ ಸಿಸ್ಟಂ ಕಟ್ಟುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಆಪರೇಟಿಂಗ್ ಸಿಸ್ಟಂ, ಅಂದರೆ ವಿಂಡೋಸ್, ಲಿನಕ್ಸ್, ಮ್ಯಾಕ್ ಥರದ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ, ಹಾಕಿಕೊಳ್ಳಲು ಹೊರಟರೆ ಮೊದಮೊದಲ ಪರದೆಯಲ್ಲೇ ಭಾಷೆಗಳ ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಕನ್ನಡವೂ ಇರುತ್ತದೆ, ನಮ್ಮ ಲಿಪಿಯಲ್ಲೇ. ಅದನ್ನು ಆರಿಸಿಕೊಂಡು ಒಂದು ದಿನದ ಕೆಲಸ ಪೂರ್ತಿ ಮಾಡಲು ಕೂತಾಗ ಕಷ್ಟ ಶುರುವಾಗುತ್ತದೆ. ಒಂದು ಕಡೆ ಅಕ್ಷರದ ಕೆಳಭಾಗ ಕತ್ತರಿಸಿ ಹೋಗಿರುತ್ತದೆ. ಇನ್ನೊಂದು ಕಡೆ, ಹುಡುಕಿದ ಫೈಲ್ ಕಣ್ಣೆದುರೇ ಇದ್ದರೂ 'ಸಿಗಲಿಲ್ಲ' ಅನ್ನುತ್ತದೆ. ಮತ್ತೊಂದು ಕಡೆ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನೆ ಚಿಹ್ನೆಗಳು. ಸಂಜೆಯೊಳಗೆ ಮನುಷ್ಯ ಸುಸ್ತಾಗಿ ಇಂಗ್ಲಿಷ್‌ಗೆ ಮರಳುತ್ತಾನೆ. ಆಗ ನಿಮ್ಮ ಲೆಕ್ಕದಲ್ಲಿ 'ಈ ಭಾಷೆಯಲ್ಲಿ ಬಳಸುವವರು ಕಡಿಮೆ' ಅಂತ ಬರುತ್ತದೆ. ಬಳಸುವವರು ಕಡಿಮೆ ಅಂತ ದುರಸ್ತಿ ಮುಂದಕ್ಕೆ ಹೋಗುತ್ತದೆ. ದುರಸ್ತಿ ಆಗಲಿಲ್ಲ ಅಂತ ಇನ್ನಷ್ಟು ಜನ ಬಿಡುತ್ತಾರೆ.

ಈ ಪತ್ರ ಅನುವಾದದ ಬಗ್ಗೆ ಅಲ್ಲ. ಮೆನುವಿನಲ್ಲಿ ಇನ್ನೂ ಕನ್ನಡಕ್ಕೆ ಬಾರದ ಸಾಲುಗಳು ಇದ್ದರೆ ಇರಲಿ. ಅದನ್ನು ಅನುವಾದಕರು, ಎಷ್ಟೋ ಸಲ ಪುಕ್ಕಟೆಯಾಗಿ ದುಡಿಯುವವರು, ಇವತ್ತಲ್ಲ ನಾಳೆ ಮಾಡುತ್ತಾರೆ. ನಾನು ಹೇಳುತ್ತಿರುವುದು ಮೆನುವಿನ ಕೆಳಗಿನ ಪದರದ ವಿಷಯ. ಅಕ್ಷರ ತೋರಿಸುವುದು, ಎಣಿಸುವುದು, ಹುಡುಕುವುದು, ವರ್ಣಮಾಲೆಯ ಕ್ರಮದಲ್ಲಿ ಜೋಡಿಸುವುದು, ದಿನಾಂಕ ಬರೆಯುವುದು ಅಲ್ಲಿ ನಡೆಯುತ್ತದೆ. ಅಲ್ಲಿಗೆ ಅನುವಾದಕರ ಕೈ ಹೋಗುವುದಿಲ್ಲ. ನಿಮ್ಮ ಕೈ ಮಾತ್ರ ಹೋಗುತ್ತದೆ.

ಮೊದಲು ಆಗಿರುವ ಒಳ್ಳೆಯದನ್ನು ಹೇಳಿಬಿಡುತ್ತೇನೆ. ಎಲ್ಲ ಭಾಷೆಗಳ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆ, ಅಂದರೆ ಕೋಡ್, ಕೊಡುವ ಯೂನಿಕೋಡ್ ಪದ್ಧತಿಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಅದು ಕಾಗದದ ಮೇಲಿನ ಜಾಗ. ಬಹಳ ವರ್ಷ ನಾವು ಇಂಗ್ಲಿಷ್ ಅಕ್ಷರಗಳ ಕೋಡ್ ಮೇಲೆ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್‌ಗಳಲ್ಲೇ ಬರೆದೆವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದೇ ಫೈಲ್ ತೆರೆದರೆ ಕಸ ಕಾಣುತ್ತಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂತು. ಆಗಲೂ ಸೆಟ್ಟಿಂಗ್ಸ್ ಒಳಗೆ ಹೋಗಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಅನ್ನುವ ಕಡೆ ಟಿಕ್ ಹಾಕಬೇಕಿತ್ತು, ಸಿಸ್ಟಂನ ಸಿಡಿ ಕೇಳಿದರೆ ಅದನ್ನೂ ಹುಡುಕಿ ತರಬೇಕಿತ್ತು. ಇವತ್ತು ಹಾಗಿಲ್ಲ. ಲಿನಕ್ಸ್‌ನಲ್ಲಿ ಅಕ್ಷರ ಮೂಡಿಸುವ ಹಾರ್ಫ್‌ಬಜ್ ಅನ್ನುವ ತಂತ್ರಾಂಶ ಒತ್ತಕ್ಷರಗಳನ್ನು ಚೆನ್ನಾಗಿ ಕೂರಿಸುತ್ತದೆ. ಲೋಹಿತ್, ನೋಟೋ, ಗುಬ್ಬಿ, ನವಿಲು ಥರದ ಮುಕ್ತ ಫಾಂಟ್‌ಗಳಿವೆ. ಕನ್ನಡ ಕಾಣಿಸುತ್ತದೆ. ಸಮಸ್ಯೆ ಅಂದರೆ, ಕಾಣಿಸಿದ ಕೂಡಲೇ 'ಕನ್ನಡ ಬೆಂಬಲ ಇದೆ' ಅಂತ ನೀವು ಬರೆದುಕೊಂಡುಬಿಟ್ಟಿರಿ.

ಆ ಕಾಣಿಸುವುದರಲ್ಲೂ ಒಂದು ತಕರಾರು ಉಳಿದಿದೆ. ನಿಮ್ಮ ಬಟನ್‌ಗಳು, ಟ್ಯಾಬ್‌ಗಳು, ಪಟ್ಟಿಯ ಸಾಲುಗಳ ಎತ್ತರವನ್ನು ಇಂಗ್ಲಿಷ್ ಅಕ್ಷರ ನೋಡಿ ಅಳೆದಿದ್ದೀರಿ. ನಮ್ಮ ಲಿಪಿಗೆ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು, ಕೆಲವೊಮ್ಮೆ ಒತ್ತಿನ ಜೊತೆ ಇನ್ನೊಂದು ಒತ್ತು. ಜಾಗ ಸಾಲದಿದ್ದರೆ ಕೆಳಗಿನದು ಕತ್ತರಿಸಿ ಹೋಗುತ್ತದೆ. ಇಂಗ್ಲಿಷ್‌ನಲ್ಲಿ 'ಜಿ' ಅಕ್ಷರದ ಬಾಲ ಹೋದರೂ ಓದಬಹುದು. ಕನ್ನಡದಲ್ಲಿ ಒತ್ತು ಹೋದರೆ 'ಕತ್ತೆ' ಹೋಗಿ 'ಕತೆ' ಆಗುತ್ತದೆ. ನಗು ಬರುತ್ತದೆ, ಸರಿ. ಇನ್ವಾಯ್ಸ್ ಮೇಲಿನ ಹೆಸರಿಗೆ ಹೀಗಾದರೆ ನಗು ಬರುವುದಿಲ್ಲ.

ಇನ್ನು ಎಣಿಕೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ಅರ್ಧ ತೊಂದರೆಗಳ ಬೇರು ಇಲ್ಲಿದೆ. 'ಸ್ತ್ರೀ' ಅನ್ನುವುದು ನಮಗೆ ಒಂದು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಕೋಡ್: ಸ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ' ್' ಚಿಹ್ನೆ), ತ, ವಿರಾಮ, ರ, 'ಈ' ಸ್ವರದ ಚಿಹ್ನೆ. ಈ ಕೋಡ್‌ಗಳನ್ನು ಕಂಪ್ಯೂಟರ್‌ನಲ್ಲಿ ಇಡುವ ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ ಕನ್ನಡದ ಒಂದೊಂದು ಕೋಡ್‌ಗೆ ಮೂರು ಬೈಟ್ (ಬೈಟ್ ಅಂದರೆ ಕಂಪ್ಯೂಟರ್‌ನಲ್ಲಿ ಜಾಗ ಅಳೆಯುವ ಚಿಕ್ಕ ಮಾನ), ಒಟ್ಟು 18 ಬೈಟ್. ಹಾಗಾದರೆ ಅದರ ಉದ್ದ ಎಷ್ಟು? ಒಂದೇ? ಆರೇ? ಹದಿನೆಂಟೇ? ಒಂದೇ ಕಂಪ್ಯೂಟರ್‌ನ ಮೂರು ಪ್ರೋಗ್ರಾಂಗಳು ಮೂರು ಉತ್ತರ ಕೊಡುತ್ತವೆ. ಲಿನಕ್ಸ್‌ನ ಎಕ್ಸ್ಟ್4 ಅನ್ನುವ ಫೈಲ್ ಸಿಸ್ಟಂನಲ್ಲಿ (ಡಿಸ್ಕ್ ಮೇಲೆ ಫೈಲ್ ಇಡುವ ವ್ಯವಸ್ಥೆ) ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್‌ನವರಿಗೆ ಅದು 255 ಅಕ್ಷರ, ನಮಗೆ 85 ಕೋಡ್. ಇಂಗ್ಲಿಷ್ ಹೆಸರು ಆರಾಮಾಗಿ ಕೂರುವ ಜಾಗದಲ್ಲಿ ಕನ್ನಡದ ಉದ್ದ ಹೆಸರು ಕೂರುವುದಿಲ್ಲ. ಬೇರೆ ಕಡೆಯಿಂದ ನಕಲು ಮಾಡಿದಾಗ ಕೊಡುವ ಸಂದೇಶವಾದರೂ ಸರಿ ಇದೆಯಾ ಅಂದರೆ, 'ಹೆಸರು ಬಹಳ ಉದ್ದವಾಗಿದೆ' ಅನ್ನುತ್ತದೆ. ಎಷ್ಟು ಉದ್ದ ಇದ್ದರೆ ಸರಿ ಅಂತ ಹೇಳುವುದಿಲ್ಲ.

ಉದ್ದ ಹೆಸರನ್ನು ಕತ್ತರಿಸಿ ಮೂರು ಚುಕ್ಕೆ ಹಾಕುವ ಕಡೆಯೂ ಇದೇ ಕತೆ. ಅಕ್ಷರದ ನಟ್ಟನಡುವೆ ಕತ್ತರಿ ಬೀಳುತ್ತದೆ. ಕತ್ತರಿಸಿದ ಕಡೆ ಒತ್ತು ಕಳೆದುಕೊಂಡ ವ್ಯಂಜನವೋ, ಚುಕ್ಕಿ ವೃತ್ತದ ಮೇಲೆ ಕೂತ ಒಂಟಿ ಚಿಹ್ನೆಯೋ ಉಳಿಯುತ್ತದೆ. ಬೈಟ್ ನೋಡಿ ಕತ್ತರಿಸಿದರೆ ಇನ್ನೂ ಕೆಟ್ಟದು, ಅಲ್ಲಿ ಅಕ್ಷರವೇ ಇರುವುದಿಲ್ಲ.

ಇದಕ್ಕೆ ನೀವೊಬ್ಬರೇ ಹೊಣೆ ಅಂತ ಹೇಳಲಾರೆ. 'ಓದುಗರ ಕಣ್ಣಿಗೆ ಒಂದು ಅಕ್ಷರ' ಅಂದರೆ ಯಾವುದು ಅಂತ ಹೇಳುವ ನಿಯಮ ಯೂನಿಕೋಡ್‌ನಲ್ಲೇ ಇದೆ. 2023ರ 15.1ನೇ ಆವೃತ್ತಿಯಲ್ಲಿ ಆ ನಿಯಮವನ್ನು ತಿದ್ದಿ, ಒತ್ತಕ್ಷರವನ್ನು ಒಡೆಯದೆ ಒಂದಾಗಿ ಎಣಿಸುವಂತೆ ಮಾಡಿದರು. ಯಾವ ಲಿಪಿಗಳಿಗೆ? ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಅಣ್ಣತಮ್ಮಂದಿರಂತಿರುವ ಲಿಪಿಗಳಲ್ಲಿ ಒಂದು ಒಳಗೆ, ಒಂದು ಹೊರಗೆ. ಅದೇ 'ಸ್ತ್ರೀ' ತೆಲುಗಿನಲ್ಲಿ ಬರೆದರೆ ಒಂದು ತುಂಡು, ಆ ನಿಯಮದ ಪ್ರಕಾರ ಕನ್ನಡದಲ್ಲಿ ಮೂರು ತುಂಡು. ನಿಮ್ಮ ಸಿಸ್ಟಂ ಈ ನಿಯಮವನ್ನು ಹಾಗೇ ಎತ್ತಿಕೊಂಡರೆ ಕರ್ಸರ್ ನಮ್ಮ ಒತ್ತಿನ ನಡುವೆ ಹೋಗಿ ನಿಲ್ಲುತ್ತದೆ. ಬಾಣದ ಕೀ ಎರಡು ಸಲ ಒತ್ತಿದರೂ ಅಕ್ಷರ ದಾಟಿರುವುದಿಲ್ಲ. ನಿಯಮ ಮಾಡುವ ಸಮಿತಿಯಲ್ಲಿ ನಿಮ್ಮಂಥ ಕಂಪನಿಗಳೇ ಕೂತಿರುತ್ತಾರೆ, ಅಲ್ವಾ? ಹಾಗಾಗಿ ಈ ಮಾತು ಅಲ್ಲಿಗೂ ತಲುಪಲಿ.

ಬ್ಯಾಕ್‌ಸ್ಪೇಸ್ ಬಗ್ಗೆ ಮಾತ್ರ ನನ್ನದು ಬೇರೆ ಅಭಿಪ್ರಾಯ. ಅದು ಒಂದೊಂದೇ ಚಿಹ್ನೆ ಅಳಿಸಲಿ. 'ಸ್ತ್ರೀ' ಬದಲು 'ಸ್ತ್ರಿ' ಬಿದ್ದಿದ್ದರೆ ಪೂರ್ತಿ ಮತ್ತೆ ಟೈಪ್ ಮಾಡುವುದು ಯಾರಿಗೆ ಬೇಕು. ಬಾಣದ ಕೀ ಇಡೀ ಅಕ್ಷರ ದಾಟಲಿ, ಬ್ಯಾಕ್‌ಸ್ಪೇಸ್ ಒಂದೊಂದೇ ತೆಗೆಯಲಿ. ಎಲ್ಲ ಪ್ರೋಗ್ರಾಂಗಳಲ್ಲೂ ಒಂದೇ ಥರ ಇದ್ದರೆ ಕೈ ತಾನಾಗಿ ಕಲಿತುಕೊಳ್ಳುತ್ತದೆ.

ಈಗ ಕಣ್ಣಿಗೆ ಕಾಣದ ಕೋಡ್‌ಗಳ ವಿಷಯ. 'ರ‍್ಯಾಂಕ್' ಅಂತ ಬರೆಯಬೇಕಾದರೆ ರ ಮತ್ತು ವಿರಾಮದ ನಡುವೆ ಒಂದು ಕಾಣದ ಜೋಡಕ ಬೇಕು. ಅದಿಲ್ಲದಿದ್ದರೆ ರ ಹೋಗಿ ಅರ್ಕಾವತ್ತಾಗಿ ಯ ಪಕ್ಕ ಕೂರುತ್ತದೆ. 'ರಾಜ್‌ಕುಮಾರ್' ಅಂತ ಬಿಡಿಸಿ ಬರೆಯಲು ಇನ್ನೊಂದು ಕಾಣದ ಕೋಡ್ ಬೇಕು. ಅದಿಲ್ಲದಿದ್ದರೆ ಜ ಅಕ್ಷರಕ್ಕೆ ಕ ಒತ್ತು ಬರುತ್ತದೆ. ಇವೆರಡೂ ನಮಗೆ ಅಲಂಕಾರ ಅಲ್ಲ, ಕಾಗುಣಿತದ ಭಾಗ. ಆದರೆ ಎಷ್ಟೋ ಪ್ರೋಗ್ರಾಂಗಳು ಇವನ್ನು ಕಸ ಅಂದುಕೊಂಡು ಗುಡಿಸಿಹಾಕುತ್ತವೆ. ಜನ ತಮ್ಮ ಹೆಸರನ್ನು ಸರಿಯಾಗಿ ಬರೆದು ಸೇವ್ ಮಾಡುತ್ತಾರೆ, ತೆರೆದರೆ ತಪ್ಪಾಗಿರುತ್ತದೆ. ಹುಡುಕುವಾಗ ಇದರ ಉಲ್ಟಾ. ಒಬ್ಬರು ಆ ಕೋಡ್ ಹಾಕಿ ಬರೆದಿದ್ದಾರೆ, ಇನ್ನೊಬ್ಬರು ಹಾಕದೆ ಹುಡುಕುತ್ತಾರೆ, ಸಿಗುವುದಿಲ್ಲ. ಇಡುವಾಗ ಉಳಿಸಿಕೊಳ್ಳಿ, ಹುಡುಕುವಾಗ ಕಡೆಗಣಿಸಿ. ಇಷ್ಟೇ ಕೇಳುವುದು. ಹಾಗೇ, ಕೀಬೋರ್ಡ್‌ನಲ್ಲಿ ಇವೆರಡು ಎಲ್ಲಿವೆ ಅಂತ ಎಲ್ಲಾದರೂ ಒಂದು ಕಡೆ ಬರೆದಿಡಿ.

ಇದಕ್ಕಿಂತ ಹಾಳು ಇನ್ನೊಂದಿದೆ. 'ಕೋಲು' ಅನ್ನುವ ಪದದ ಓತ್ವವನ್ನು ಒಂದೇ ಕೋಡ್ ಆಗಿ ಇಡಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಇಡಬಹುದು. ಯೂನಿಕೋಡ್ ಪ್ರಕಾರ ಎರಡೂ ಒಂದೇ, ಪರದೆಯ ಮೇಲೆ ಎರಡೂ ಒಂದೇ ಥರ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ ಹೆಸರುಗಳನ್ನು ಬಿಡಿಬಿಡಿಯಾಗಿ ಒಡೆದು ಇಡುತ್ತಿತ್ತು. ಅಲ್ಲಿಂದ ಬಂದ ಫೈಲನ್ನು ಲಿನಕ್ಸ್‌ಗೆ ಹಾಕಿ, ಅದೇ ಹೆಸರಿನಲ್ಲಿ ಇನ್ನೊಂದು ಸೇವ್ ಮಾಡಿ. ಒಂದೇ ಫೋಲ್ಡರ್‌ನಲ್ಲಿ 'ಕೋಲು' ಎರಡು ಇರುತ್ತವೆ, ಅವಳಿ ಜವಳಿ. ಯಾವುದು ಹೊಸದು, ಯಾವುದು ಹಳೆಯದು? ಬ್ಯಾಕಪ್ ಮಾಡುವ ಪ್ರೋಗ್ರಾಂಗೂ ಗೊತ್ತಾಗುವುದಿಲ್ಲ. ಪಾಸ್‌ವರ್ಡ್‌ನಲ್ಲಿ ಹೀಗಾದರೆ ಇನ್ನೂ ಕಷ್ಟ. ಅಲ್ಲಿ ಕಾಣುವುದು ಬರೀ ಚುಕ್ಕೆ. ಟೈಪ್ ಮಾಡಿದ್ದು ಸರಿ, ಆದರೂ ಬಾಗಿಲು ತೆರೆಯುವುದಿಲ್ಲ.

ಪಾಸ್‌ವರ್ಡ್ ಅಂದ ಮೇಲೆ ಲಾಗಿನ್ ಪರದೆ. ಒಳಗೆ ಕೂತು ಕನ್ನಡ ಕೀಬೋರ್ಡ್‌ನಲ್ಲಿ ಪಾಸ್‌ವರ್ಡ್ ಇಡಲು ನೀವು ಬಿಡುತ್ತೀರಿ. ಲಾಗಿನ್ ಪರದೆಯಲ್ಲಿ ಆ ಕೀಬೋರ್ಡ್ ಇದೆಯಾ ಅಂತ ನೋಡುವುದಿಲ್ಲ. ಡಿಸ್ಕ್‌ಗೆ ಬೀಗ ಹಾಕಿದ್ದರೆ, ಸಿಸ್ಟಂ ಏಳುವ ಮೊದಲೇ ಕೇಳುವ ಆ ಪಾಸ್‌ವರ್ಡ್‌ಗಂತೂ ಕನ್ನಡದ ಮಾತೇ ಇಲ್ಲ. ಆಗದಿದ್ದರೆ ಮೊದಲೇ 'ಇಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ' ಅಂತ ಹೇಳಿ, ತಪ್ಪೇನಿಲ್ಲ. ಇಡಲು ಬಿಟ್ಟು ತೆರೆಯಲು ಬಿಡದಿರುವುದು ತಪ್ಪು.

ಹಾಗೇ, ಲಿನಕ್ಸ್‌ನಲ್ಲಿ ಏನೋ ಕೆಟ್ಟು ಗ್ರಾಫಿಕ್ಸ್ ಏಳದೆ ಹೋದಾಗ ಬರುವ ಕಪ್ಪು ಪರದೆ. ಅಲ್ಲಿನ ಕನ್ಸೋಲ್ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಆಕಾರಗಳಿಗೆ ಜಾಗ, ಒತ್ತು ಕೂರಿಸುವ ವ್ಯವಸ್ಥೆಯೇ ಇಲ್ಲ. ಆದರೂ ಲೊಕೇಲ್ (ಭಾಷೆ ಮತ್ತು ಪ್ರದೇಶದ ಆಯ್ಕೆ) ಕನ್ನಡ ಅಂತ ಸಂದೇಶಗಳು ಕನ್ನಡದಲ್ಲೇ ಬರುತ್ತವೆ, ಅಂದರೆ ಸಾಲುಸಾಲು ಚೌಕಗಳು. ಮನುಷ್ಯನಿಗೆ ಓದಲೇಬೇಕಾದ ಹೊತ್ತಿನಲ್ಲಿ ಓದಲಾಗದ ಬರಹ. ಅಲ್ಲಿ ಸುಮ್ನೆ ಇಂಗ್ಲಿಷ್‌ಗೆ ಇಳಿಯಿರಿ. ಕನ್ನಡದ ಅಭಿಮಾನಕ್ಕೆ ಅದರಿಂದ ಧಕ್ಕೆ ಆಗುವುದಿಲ್ಲ.

ಪತ್ರದ ಶುರುವಿನಲ್ಲಿ ಹೇಳಿದ ಪ್ರಶ್ನೆ ಚಿಹ್ನೆಗಳ ಕಾರಣವನ್ನೂ ಹೇಳಬೇಕು. ಯೂನಿಕೋಡ್‌ಗಿಂತ ಮೊದಲಿನ ಕಾಲದಲ್ಲಿ ವಿಂಡೋಸ್‌ನಲ್ಲಿ ಒಂದೊಂದು ಭಾಷೆಗೆ ಅಥವಾ ಭಾಷೆಗಳ ಗುಂಪಿಗೆ ಒಂದೊಂದು ಕೋಡ್‌ಪೇಜ್, ಅಂದರೆ ಅಕ್ಷರಗಳ ಕೋಡ್ ಪಟ್ಟಿ, ಇತ್ತು. ರಷ್ಯನ್‌ಗೆ ಇತ್ತು, ಗ್ರೀಕ್‌ಗೆ ಇತ್ತು, ಥಾಯ್‌ಗೆ ಇತ್ತು. ಹಳೆಯ ಪ್ರೋಗ್ರಾಂಗಳು ಬಳಸುವ ಅಂಥ ಕೋಡ್‌ಪೇಜ್ ಕನ್ನಡಕ್ಕೆ ಸಿಗಲಿಲ್ಲ. ನಾವು ಬಂದದ್ದು ಯೂನಿಕೋಡ್ ಜೊತೆಗೇ. ಹಾಗಾಗಿ ಹಳೆಯ ಪದ್ಧತಿಯ ಪ್ರೋಗ್ರಾಂ ಎದುರು ಕನ್ನಡ ಹೆಸರಿನ ಫೋಲ್ಡರ್ ಬಂದರೆ ಅದಕ್ಕೆ ಕಾಣುವುದು ಬರೀ ಪ್ರಶ್ನೆ ಚಿಹ್ನೆ, ಫೈಲ್ ತೆರೆಯುವುದೇ ಇಲ್ಲ. ಬಳಕೆದಾರರ ಹೆಸರನ್ನೇ ಕನ್ನಡದಲ್ಲಿ ಕೊಟ್ಟಿದ್ದರೆ ಅವರ ಫೋಲ್ಡರ್ ಪೂರ್ತಿ ಅದರ ಪಾಲಿಗೆ ಇಲ್ಲದಂತೆ. ಇದಕ್ಕೆ ಮದ್ದಾಗಿ ಯುಟಿಎಫ್-8 ಬಳಸುವ ಆಯ್ಕೆಯೊಂದು 2018ರಲ್ಲಿ ಬಂತು, 'ಬೀಟಾ', ಅಂದರೆ ಇನ್ನೂ ಪರೀಕ್ಷೆಯಲ್ಲಿದೆ, ಅನ್ನುವ ಹಣೆಪಟ್ಟಿ ಹಚ್ಚಿಕೊಂಡು. ಅದು ಸೆಟ್ಟಿಂಗ್ಸ್‌ನ ಎಷ್ಟು ಆಳದಲ್ಲಿದೆ ಅಂದರೆ, ಬೇಕಾದವರು ಅಲ್ಲಿಗೆ ಹೋಗುವುದು ಕಷ್ಟ.

ಲೊಕೇಲ್‌ಗೆ ಬರೋಣ. ಭಾಷೆ, ದೇಶ, ಕೀಬೋರ್ಡ್, ದಿನಾಂಕದ ಬಗೆ, ಅಂಕಿ ಬರೆಯುವ ಬಗೆ. ಇವು ಐದು ಬೇರೆ ಬೇರೆ ವಿಷಯ. ಎಷ್ಟೋ ಕಡೆ ನೀವು ಐದನ್ನೂ ಒಂದೇ ಗಂಟಿನಲ್ಲಿ ಕಟ್ಟಿ 'ಭಾಷೆ ಆರಿಸಿ' ಅನ್ನುತ್ತೀರಿ. ಜರ್ಮನಿಯಲ್ಲಿರುವ ಕನ್ನಡದವರಿಗೆ ಮೆನು ಕನ್ನಡದಲ್ಲಿ, ದಿನಾಂಕ ಅಲ್ಲಿನ ರೀತಿಯಲ್ಲಿ ಬೇಕಾಗಬಹುದು. ಲಿನಕ್ಸ್‌ನ ಜಿಲಿಬ್‌ಸಿ ಅನ್ನುವ ಮೂಲ ಕೋಡ್ ಭಂಡಾರದಲ್ಲಿ ಕನ್ನಡಕ್ಕಿರುವುದು ಒಂದೇ ಲೊಕೇಲ್, ಭಾರತದ್ದು. ಬೇರೆ ಬೇರೆ ಲೊಕೇಲ್ ಬೆರೆಸಲು ಅಲ್ಲಿ ದಾರಿ ಇದೆ, ಆದರೆ ಬೇಕಾದಂತೆ ಬೆರೆಸಲು ಎಷ್ಟೋ ಸಲ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆಯಬೇಕಾಗುತ್ತದೆ. ಉಲ್ಟಾ ಅಗತ್ಯವೂ ಇದೆ. ಮೆನು ಇಂಗ್ಲಿಷ್‌ನಲ್ಲೇ ಇರಲಿ, ನಾನು ಬರೆಯುವುದು ಕನ್ನಡ, ಕಾಗುಣಿತ ನೋಡುವುದೂ ಕನ್ನಡದಲ್ಲಿ ಆಗಲಿ ಅನ್ನುವವರು ಬಹಳ ಜನ. ಅವರಿಗೆ ಕನ್ನಡ ಫಾಂಟ್, ಕೀಬೋರ್ಡ್ ಬೇಕೆಂದರೆ ಇಡೀ ಮೆನುವನ್ನೇ ಕನ್ನಡ ಮಾಡಿ ಅನ್ನಬೇಡಿ.

ಅಂಕಿಗಳಲ್ಲಿ ನಮ್ಮದು 12,34,567. ಮೂರು ಮೂರರ ಗುಂಪಿನಲ್ಲಿ 1,234,567 ಅಂತ ತೋರಿಸಿದರೆ ಓದಲು ಎರಡು ಸಲ ನೋಡಬೇಕು. ಆದರೆ ಲೆಕ್ಕದ ಫೈಲ್ ಬೇರೆ ಪ್ರೋಗ್ರಾಂಗೆ ಕೊಡುವಾಗ ಈ ಅಲ್ಪವಿರಾಮಗಳು ಜೊತೆಗೆ ಹೋಗಬಾರದು. ತೋರಿಸುವ ರೂಪ ಬೇರೆ, ಇಡುವ ರೂಪ ಬೇರೆ. ಇದು ಕನ್ನಡದವರ ಗೋಳು ಮಾತ್ರ ಅಲ್ಲ. ಜರ್ಮನ್ ಲೊಕೇಲ್‌ನಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕುತ್ತಾರೆ, ಅದರಿಂದ ಮುರಿದುಬಿದ್ದ ಪ್ರೋಗ್ರಾಂಗಳಿಗೆ ಲೆಕ್ಕವಿಲ್ಲ. ಟರ್ಕಿಶ್‌ನಲ್ಲಿ ಚುಕ್ಕೆ ಇರುವ 'ಐ', ಚುಕ್ಕೆ ಇಲ್ಲದ 'ಐ' ಎರಡು ಬೇರೆ ಅಕ್ಷರ. ಸಣ್ಣಕ್ಷರವನ್ನು ದೊಡ್ಡದು ಮಾಡಿ ಹೋಲಿಸುವ ಕೋಡ್ ಆ ಲೊಕೇಲ್‌ನಲ್ಲಿ ಕೈಕೊಡುತ್ತದೆ. ಎಲ್ಲ ಕಡೆಯೂ ಕಾರಣ ಒಂದೇ: ಕೋಡ್ ಬರೆದವರ ಕಂಪ್ಯೂಟರ್‌ನಲ್ಲಿ ಲೊಕೇಲ್ ಇಂಗ್ಲಿಷ್ ಆಗಿತ್ತು, ಟೆಸ್ಟ್ ಮಾಡಿದ್ದೂ ಅಲ್ಲೇ.

ಗಡಿಯಾರ ನೋಡಿ. ರಾತ್ರಿ ಒಂಬತ್ತೂವರೆಗೆ 'ಅಪರಾಹ್ನ 9:30' ಅಂತ ತೋರಿಸುವ ಸಿಸ್ಟಂಗಳಿವೆ. ಹಾಗೆ ಮಾತಾಡುವ ಒಬ್ಬರನ್ನೂ ನಾನು ಕಂಡಿಲ್ಲ. ಈ ಮಾಹಿತಿ ಬರುವುದು ಸಿಎಲ್‌ಡಿಆರ್ ಅನ್ನುವ ಯೂನಿಕೋಡ್‌ನವರ ಲೊಕೇಲ್ ಭಂಡಾರದಿಂದ. ಅದೇ ಭಂಡಾರದಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಅಂತಲೂ ಇದೆ. ಎತ್ತಿಕೊಂಡು ಬಳಸಿದರೆ ಆಯಿತು. ಹೆಸರುಗಳನ್ನು ಜೋಡಿಸುವ ಕ್ರಮವೂ ಹಾಗೇ. ಯೂನಿಕೋಡ್ ಪಟ್ಟಿಯಲ್ಲಿ ಸೊನ್ನೆ ಮತ್ತು ವಿಸರ್ಗ 'ಅ'ಗಿಂತ ಮೊದಲು ಇವೆ, ನಮ್ಮ ವರ್ಣಮಾಲೆಯಲ್ಲಿ 'ಔ' ಆದ ಮೇಲೆ. ಬರೀ ಕೋಡ್ ಸಂಖ್ಯೆ ನೋಡುವ ಪ್ರೋಗ್ರಾಂ ಒಂದು ಕ್ರಮ ಕೊಡುತ್ತದೆ, ಭಾಷೆಯ ನಿಯಮ ನೋಡುವುದು ಇನ್ನೊಂದು ಕ್ರಮ ಕೊಡುತ್ತದೆ. ಅದೇ ಪಟ್ಟಿ ಎರಡು ಕಿಟಕಿಯಲ್ಲಿ ಎರಡು ಥರ.

ಸಂದೇಶಗಳ ವಾಕ್ಯಗಳನ್ನು ತುಂಡು ತುಂಡಾಗಿ ಅಂಟಿಸುವುದನ್ನು ದಯವಿಟ್ಟು ಬಿಡಿ. ಇಂಗ್ಲಿಷ್‌ನಲ್ಲಿ ಕ್ರಿಯೆ ಮುಂದೆ ಬರುತ್ತದೆ, ನಮ್ಮಲ್ಲಿ ಕೊನೆಗೆ. ನೀವು ಕೊಟ್ಟ ತುಂಡುಗಳಲ್ಲಿ ಜಾಗ ಅದಲುಬದಲು ಮಾಡಲು ಅವಕಾಶ ಇಲ್ಲದಿದ್ದರೆ ಎಂಥ ಅನುವಾದಕರೂ ಸೋಲುತ್ತಾರೆ. ವಿಭಕ್ತಿ ಪ್ರತ್ಯಯ ಬೇರೆ ಇದೆ. ಮನೆಗೆ, ಮರಕ್ಕೆ, ಊರಿಗೆ. ಹೆಸರು ಯಾವುದೋ ಗೊತ್ತಿಲ್ಲದೆ ಯಾವ ಪ್ರತ್ಯಯ ಹಚ್ಚುವುದು? ಕೊನೆಗೆ ಹೆಸರಿನ ಪಕ್ಕ ಜಾಗ ಬಿಟ್ಟು ಒಂಟಿ 'ಗೆ' ಕೂರಿಸುತ್ತಾರೆ. ಓದುವವರು 'ಕನ್ನಡ ಕೆಟ್ಟದಾಗಿದೆ' ಅಂತ ಅನುವಾದಕರನ್ನು ಬೈಯುತ್ತಾರೆ, ಪಾಪ.

ಕಣ್ಣು ಕಾಣದವರ ವಿಷಯದಲ್ಲಿ ಇದೆಲ್ಲ ಇಮ್ಮಡಿ. ಇಸ್ಪೀಕ್ ಎನ್‌ಜಿ ಥರದ ಮುಕ್ತ ತಂತ್ರಾಂಶ ಕನ್ನಡ ಓದುತ್ತದೆ ಅನ್ನುವುದೇ ಎಷ್ಟೋ ಜನಕ್ಕೆ ಆಸರೆ. ಆದರೆ ಬಟನ್‌ನ ಹೆಸರು ಇಂಗ್ಲಿಷ್‌ನಲ್ಲಿ, ಸಂದೇಶ ಕನ್ನಡದಲ್ಲಿ ಇದ್ದರೆ, ಎಲ್ಲಿ ಯಾವ ಭಾಷೆ ಅಂತ ಗುರುತು ಹಾಕಿರಬೇಕು. ಇಲ್ಲದಿದ್ದರೆ ಓದುವ ದನಿ ಎರಡನ್ನೂ ಹಾಳುಮಾಡುತ್ತದೆ.

ಇನ್ನೊಂದು ಮಾತು, ಚಿಕ್ಕದು. ಕನ್ನಡ ಲಿಪಿಯಲ್ಲಿ ಬರೆದದ್ದೆಲ್ಲ ಕನ್ನಡ ಅಲ್ಲ. ತುಳು, ಕೊಡವ, ಕೊಂಕಣಿ, ಬ್ಯಾರಿ ಬರೆಯುವವರು ಇದೇ ಲಿಪಿ ಬಳಸುತ್ತಾರೆ. ಅವರ ಪ್ರತಿ ಪದಕ್ಕೂ ಕೆಂಪು ಗೆರೆ ಎಳೆಯುವುದನ್ನು ನಿಲ್ಲಿಸಿ. ಲಿಪಿ ಒಂದು, ಭಾಷೆ ಇನ್ನೊಂದು ಅನ್ನುವ ಆಯ್ಕೆ ಕೊಡಿ.

ಒಮ್ಮೆ ತಪ್ಪಾಗಿ ಕೂತದ್ದು ಎಷ್ಟು ಕಾಲ ಉಳಿಯುತ್ತದೆ ಅನ್ನುವುದಕ್ಕೆ ಹಳಗನ್ನಡದ 'ೞ' ಅಕ್ಷರವೇ ಸಾಕ್ಷಿ. ಯೂನಿಕೋಡ್‌ನಲ್ಲಿ ಅದಕ್ಕೆ 'ಕನ್ನಡ ಲೆಟರ್ ಎಫ್‌ಎ' ಅಂತ ಹೆಸರಿಟ್ಟಿದ್ದಾರೆ. ಅದು ಫ ಅಲ್ಲ, ಫ ಹತ್ತಿರವೂ ಸುಳಿಯುವುದಿಲ್ಲ. ಇಟ್ಟ ಹೆಸರು ಬದಲಿಸಬಾರದು ಅನ್ನುವ ನಿಯಮ ಇರುವುದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಅಡ್ಡಹೆಸರಾಗಿ ಸೇರಿಸಿ ಸುಮ್ಮನಾದರು.

ನಮ್ಮ ಬೇಡಿಕೆಗೆ ಬರುತ್ತೇನೆ. ಭಾಷೆಗಳ ಪಟ್ಟಿಯಲ್ಲಿ ಹೆಸರಿನ ಪಕ್ಕ ನಿಜ ಬರೆಯಿರಿ. ಓದಲು ಆಗುತ್ತದಾ, ಬರೆಯಲು ಆಗುತ್ತದಾ, ಹುಡುಕಲು, ಜೋಡಿಸಲು, ಮುದ್ರಿಸಲು, ಕೇಳಲು ಆಗುತ್ತದಾ, ಲಾಗಿನ್‌ನಿಂದ ಶಟ್‌ಡೌನ್ ತನಕ ಎಲ್ಲೆಲ್ಲಿ ಕೈಕೊಡುತ್ತದೆ, ಅಷ್ಟನ್ನೂ. 'ಬೆಂಬಲ ಇದೆ' ಅನ್ನುವ ಎರಡು ಪದ ಯಾರ ಉಪಯೋಗಕ್ಕೂ ಬರುವುದಿಲ್ಲ. ಪ್ರತಿ ಆವೃತ್ತಿ ಹೊರಗೆ ಬಿಡುವ ಮೊದಲು ಆ ಭಾಷೆ ಓದಬಲ್ಲ ಒಬ್ಬರಿಗಾದರೂ ಸಂಬಳ ಕೊಟ್ಟು ಪರೀಕ್ಷೆ ಮಾಡಿಸಿ. ಚಿತ್ರ ಸಮೇತ ಕಳಿಸಿದ ದೂರನ್ನು 'ನಮ್ಮ ಕಡೆ ಮರುಕಳಿಸಲಿಲ್ಲ' ಅಂತ ಮುಚ್ಚುವ ಮೊದಲು, ನಿಮ್ಮ ಕಡೆಯ ಲೊಕೇಲ್ ಯಾವುದಿತ್ತು ಅಂತ ನೋಡಿಕೊಳ್ಳಿ.

ಓದಬಲ್ಲವರು ಸಿಗುವ ತನಕ ಆರು ಪದ ಕೊಡುತ್ತೇನೆ, ಟೆಸ್ಟ್‌ಗೆ ಸೇರಿಸಿಕೊಳ್ಳಿ: ಕತ್ತೆ, ಸ್ತ್ರೀ, ಕೋಲು, ಸೂರ್ಯ, ರ‍್ಯಾಂಕ್, ರಾಜ್‌ಕುಮಾರ್. ಇವನ್ನು ಬಟನ್ ಮೇಲೆ ಬರೆಯಿರಿ, ಫೈಲ್‌ಗೆ ಹೆಸರಿಡಿ, ಹುಡುಕಿ, ಜೋಡಿಸಿ, ಅರ್ಧಕ್ಕೆ ಕತ್ತರಿಸಿ, ಪಿಡಿಎಫ್ ಮಾಡಿ ಅಲ್ಲಿಂದ ಮತ್ತೆ ಕಾಪಿ ಮಾಡಿ. ಹಾಕಿದ್ದು ಹಾಗೇ ವಾಪಸ್ ಬಂದರೆ ಮುಂದಿನ ಆವೃತ್ತಿಯ ಟಿಪ್ಪಣಿಯಲ್ಲಿ ಒಂದು ಸಾಲು ಬರೆಯಿರಿ. ಬಾರದಿದ್ದರೆ ಯಾವುದು ಬರಲಿಲ್ಲ ಅಂತ ಬರೆಯಿರಿ. ಎರಡನ್ನೂ ಓದಲು ನಾವಿದ್ದೇವೆ.

ಇಂತಿ,
ಕನ್ನಡದಲ್ಲೇ ಕೆಲಸ ಮಾಡಬೇಕೆಂದಿರುವ ಒಬ್ಬ ಬಳಕೆದಾರ